ಮೂಗಿನ ಟ್ಯೂಬ್, ಮೂತ್ರದ ಪೈಪ್, ಪ್ಲಾಸ್ಟರ್: ಸಿಸ್ಟರ್‌ಗೆ ಕೇಳಿ

ಅಡ್ಮಿನ್: ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೊಡಗಿನವರ ಗುಂಪು ಇದು. ಇವತ್ತಿನ ವಿಷಯ ಒಂದೇ. ಟ್ಯೂಬನ್ನು ಜಾರದಂತೆ, ನೋವಾಗದಂತೆ ಮೈಗೆ ಅಂಟಿಸುವುದು ಹೇಗೆ? ಸಿಸ್ಟರ್ ಮಡಿಕೇರಿಯವರು. ಐಸಿಯುನಲ್ಲಿ ಇದ್ದವರು, ಈಗ ಮನೆಮನೆಗೆ ಹೋಗಿ ಡ್ರೆಸ್ಸಿಂಗ್ ಮಾಡುತ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ. ರೋಗಿಯ ಮುಖ ಕಾಣುವ ಫೋಟೋ ಹಾಕಬೇಡಿ.

ಸೋಮವಾರಪೇಟೆ ಸೊಸೆ: ನಮಸ್ತೆ ಸಿಸ್ಟರ್. ಮಾವನಿಗೆ 81 ವರ್ಷ. ಕ್ಯಾಥೆಟರ್ (ಮೂತ್ರದ ಪೈಪ್) ಹಾಕಿ ಮನೆಗೆ ಕಳಿಸಿದ್ದಾರೆ. ತೊಡೆಗೆ ಡೈನಾಪ್ಲಾಸ್ಟ್ (ಎಳೆದರೆ ಹಿಗ್ಗುವ ಪ್ಲಾಸ್ಟರ್) ಹಾಕಿದ್ದೆವು. ನಿನ್ನೆ ತೆಗೆಯುವಾಗ ಚರ್ಮವೂ ಎದ್ದು ಬಂತು. ಈಗ ಏನೂ ಅಂಟಿಸದೆ ಬಿಟ್ಟಿದ್ದೇವೆ. ಪರವಾಗಿಲ್ವಾ?

ಸಿಸ್ಟರ್: ನಮಸ್ತೆ. ಹಾಗೆ ಬಿಡಬೇಡಿ. ಆ ಪೈಪಿನ ತುದಿಯಲ್ಲಿ, ಮೂತ್ರಕೋಶದ ಒಳಗೆ, ನೀರು ತುಂಬಿದ ಸಣ್ಣ ಬಲೂನ್ ಇರುತ್ತದೆ. ಹೊರಗೆ ಬ್ಯಾಗ್ ತೂಗಿದಷ್ಟೂ ಅದು ಒಳಗೆ ಎಳೆಯುತ್ತದೆ. ಗಂಡಸರಲ್ಲಿ ದಿನಗಟ್ಟಲೆ ಹೀಗೆ ಎಳೆದರೆ ಮೂತ್ರದ್ವಾರವೇ ಸೀಳುತ್ತದೆ. ಅದು ತಾನಾಗಿ ಕೂಡುವುದಿಲ್ಲ.

ಗಾಯವಾದ ಕಾಲು ಬಿಡಿ. ಇನ್ನೊಂದು ತೊಡೆಯ ಮೇಲ್ಭಾಗ ಅಥವಾ ಕಿಬ್ಬೊಟ್ಟೆಯ ಪಕ್ಕ ಆರಿಸಿ. ಕೂದಲಿದ್ದರೆ ಕತ್ತರಿಯಲ್ಲಿ ಕತ್ತರಿಸಿ, ಬ್ಲೇಡ್ ಬೇಡ. ಮೊದಲು ಚರ್ಮದ ಮೇಲೆ ಒಂದು ಅಗಲ ಪಟ್ಟಿ ಅಂಟಿಸಿ. ಎರಡನೇ ಪಟ್ಟಿಯನ್ನು ಪೈಪಿಗೆ ಪೂರ್ತಿ ಒಂದು ಸುತ್ತು ಸುತ್ತಿ, ಅದರ ಎರಡೂ ತುದಿಗಳನ್ನು ಮೊದಲ ಪಟ್ಟಿಯ ಮೇಲೆ ಕೂರಿಸಿ. ಆಗ ಪೈಪ್ ಚರ್ಮಕ್ಕೆ ಒತ್ತದೆ ಚೂರು ಮೇಲೆ ನಿಲ್ಲುತ್ತದೆ. ಪೈಪ್ ಕವಲಾಗುವ ದಪ್ಪ ಜಾಗದಲ್ಲಿ ಹಿಡಿಸಿ. ಬಲೂನಿಗೆ ನೀರು ತುಂಬುವ ಕವಲಿಗೆ ಮಾತ್ರ ಸುತ್ತಬೇಡಿ. ಆಮೇಲೆ ಮಾವನ ಕಾಲು ಚಾಚಿಸಿ, ಮಡಚಿಸಿ ನೋಡಿ. ಎರಡರಲ್ಲೂ ಪೈಪ್ ಬಿಗಿಯಬಾರದು.

ಚರ್ಮ ಎದ್ದಿದ್ದಕ್ಕೆ ಕಾರಣ ಪ್ಲಾಸ್ಟರ್ ಒಂದೇ ಅಲ್ಲ, ಅದನ್ನು ಕಿತ್ತ ರೀತಿ. ವಯಸ್ಸಾದವರ ಚರ್ಮ ತೆಳು. ಮೇಲಕ್ಕೆ ಕೀಳಬೇಡಿ. ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿಯಿರಿ, ಇನ್ನೊಂದು ಕೈಯಲ್ಲಿ ಪ್ಲಾಸ್ಟರನ್ನು ಅದರ ಮೇಲೆಯೇ ಮಡಚುತ್ತಾ ನಿಧಾನಕ್ಕೆ ಬಿಡಿಸಿ. ಬಿಡದಿದ್ದರೆ ಅಂಚಿಗೆ ತೆಂಗಿನೆಣ್ಣೆ ಹಚ್ಚಿ ಸ್ವಲ್ಪ ಹೊತ್ತು ಕಾಯಿರಿ. ಹೊಸದು ಹಾಕುವ ಮೊದಲು ಆ ಎಣ್ಣೆಯನ್ನು ಸೋಪು ನೀರಲ್ಲಿ ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ಹಿಡಿಯುವುದಿಲ್ಲ. ಅಂಟಿಸುವಾಗಲೂ ಎಳೆದು ಅಂಟಿಸಬೇಡಿ. ಎಳೆದ ಡೈನಾಪ್ಲಾಸ್ಟ್ ವಾಪಸ್ ಕುಗ್ಗುತ್ತದೆ, ಅಂಚಿನ ಚರ್ಮದಲ್ಲಿ ಗುಳ್ಳೆ ಏಳುತ್ತದೆ. ಈಗ ಎದ್ದಿರುವ ಸಿಪ್ಪೆಯನ್ನು ಕಿತ್ತು ಹಾಕಬೇಡಿ. ತೊಳೆದು, ಅದರ ಜಾಗಕ್ಕೇ ಕೂರಿಸಿ, ಅಂಟದ ಡ್ರೆಸ್ಸಿಂಗ್ ಇಟ್ಟು ಮೇಲೆ ಬ್ಯಾಂಡೇಜ್ ಬಟ್ಟೆ ಸುತ್ತಿ.

ಕಾಳುಮೆಣಸು ಮಾವ: ಫಾರ್ವರ್ಡ್ ಬಂದದ್ದು, ಉಪಯೋಗವಾಗಬಹುದು: "ಎಂಥ ಪ್ಲಾಸ್ಟರ್ ಆದರೂ ಹತ್ತಿಯಲ್ಲಿ ಸೀಮೆಎಣ್ಣೆ ಅದ್ದಿ ಒರೆಸಿದರೆ ಒಂದೇ ನಿಮಿಷದಲ್ಲಿ ಬಿಡುತ್ತದೆ. ಸೀಮೆಎಣ್ಣೆ ಇಲ್ಲದಿದ್ದರೆ ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿ)."

ಸಿಸ್ಟರ್: ಬೇಡ. ಸೀಮೆಎಣ್ಣೆ ಚರ್ಮ ಸುಡುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ರೋಗಿಯ ಹಾಸಿಗೆ ಬೆಂಕಿ ಪಕ್ಕದಲ್ಲೇ ಇರುತ್ತದೆ, ಅದೂ ನೆನಪಿರಲಿ. ಕಾಚಂಪುಳಿಯನ್ನು ಪಂದಿಕರಿಗೆ ಇಟ್ಟುಕೊಳ್ಳಿ ಮಾವ.

ಗೋಣಿಕೊಪ್ಪ ಹುಡುಗ: ಸಿಸ್ಟರ್, ಕ್ಯಾಥೆಟರ್ ಕಟ್ಟುವ ತೊಡೆ ಬೆಲ್ಟ್ ಗೋಣಿಕೊಪ್ಪದಲ್ಲಿ ಎಲ್ಲಿ ಸಿಗುತ್ತದೆ?

ಕುಶಾಲನಗರ ಟೀಚರ್: ಅತ್ತೆಗೆ ಕ್ಯಾಥೆಟರ್ ಇದೆ. ಹೆಂಗಸರಿಗೂ ಹೀಗೇನಾ? ಪಕ್ಕದಿಂದ ಸೋರುತ್ತಿದೆ, ದಪ್ಪ ಪೈಪ್ ಹಾಕಿಸಲಾ?

ಸಿಸ್ಟರ್: ಹೌದು, ಆದರೆ ಒಳತೊಡೆಗೆ. ಪೈಪ್ ತೊಡೆಯ ಅಡಿಯಿಂದ ಬೇಡ, ಮೇಲಿನಿಂದ ಬರಲಿ. ಸೋರಿದರೆ ಮೊದಲು ಪೈಪ್ ಮಡಚಿದೆಯಾ, ಎಳೆಯುತ್ತಿದೆಯಾ ನೋಡಿ. ಬ್ಯಾಗಿಗೆ ಮೂತ್ರ ಬರುವುದೇ ನಿಂತಿದ್ದರೆ ಅದು ಕಟ್ಟಿಕೊಂಡಿದೆ, ಇವತ್ತೇ ತೋರಿಸಿ. ದಪ್ಪ ಪೈಪ್ ಮದ್ದಲ್ಲ.

ಮೂರ್ನಾಡು ಮಗಳು: ಸಿಸ್ಟರ್, ಅವ್ವನಿಗೆ ಸ್ಟ್ರೋಕ್ ಆಗಿ ಮೂರು ವಾರ. ಮೂಗಲ್ಲಿ ರೈಲ್ಸ್ ಟ್ಯೂಬ್ (ಹೊಟ್ಟೆಗೆ ಗಂಜಿ ಕೊಡುವ ಟ್ಯೂಬ್) ಇದೆ. ಜೋತು ಬೀಳಬಾರದು ಅಂತ ಮೇಲಕ್ಕೆ ಎತ್ತಿ ಹಣೆಗೆ ಅಂಟಿಸಿದ್ದೇವೆ. ಈಗ ಮೂಗಿನ ಹೊಳ್ಳೆಯ ಅಂಚು ಕಪ್ಪಾಗಿದೆ. ನಿನ್ನೆ ರಾತ್ರಿ ಅವ್ವ ಎಳೆದು ಟ್ಯೂಬ್ ಸ್ವಲ್ಪ ಹೊರಗೆ ಬಂತು. ಹೋಮ್ ನರ್ಸ್ ವಾಪಸ್ ತಳ್ಳಿದರು. ಬೆಳಗ್ಗೆ ಗಂಜಿ ಕೊಟ್ಟಾಗ ಕೆಮ್ಮಿದರು. ಮೂಗಿಗೆ ಯಾವ ಮುಲಾಮು ಹಚ್ಚಲಿ?

ಸಿಸ್ಟರ್: ಮುಲಾಮು ಆಮೇಲೆ. ಈಗ ಟ್ಯೂಬಲ್ಲಿ ಏನೂ ಕೊಡಬೇಡಿ. ನೀರು, ಮಾತ್ರೆ ಪುಡಿ, ಯಾವುದೂ ಬೇಡ.

ಹೊರಗೆ ಬಂದ ಟ್ಯೂಬನ್ನು ತಳ್ಳಿದರೆ ಅದು ಹೊಟ್ಟೆಗೇ ಹೋಗಿದೆ ಅಂತ ಯಾರೂ ಹೇಳಲಾಗದು. ಗಂಟಲಲ್ಲಿ ಸುರುಳಿ ಸುತ್ತಿರಬಹುದು. ಉಸಿರುನಾಳಕ್ಕೆ ಹೋಗಿರಬಹುದು. ಸ್ಟ್ರೋಕ್ ಆದವರಿಗೆ ಕೆಮ್ಮುವ ಶಕ್ತಿಯೇ ಕಡಿಮೆ. ಅಂಥವರು ಕೆಮ್ಮಿದ್ದಾರೆ ಎಂದರೆ ಅದನ್ನು ಗಂಭೀರವಾಗಿ ತಗೊಳ್ಳಿ. ಗಂಜಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ.

ಈಗ ಹೇಳಿ. ಉಸಿರು ಜೋರಾಗಿದೆಯಾ? ಗೊರಗೊರ ಸದ್ದು ಇದೆಯಾ? ಜ್ವರ? ತುಟಿಯ ಬಣ್ಣ? ಟ್ಯೂಬ್ ಹಾಕಿದ ದಿನ ಮೂಗಿನ ಅಂಚಲ್ಲಿ ಗೆರೆ ಹಾಕಿದ್ದರಾ, ಅದು ಈಗ ಎಲ್ಲಿದೆ? ಸಿರಿಂಜಲ್ಲಿ ಗಾಳಿ ತಳ್ಳಿ ಹೊಟ್ಟೆಯ ಸದ್ದು ಕೇಳಿದೆವು ಅಂತ ಹೇಳಬೇಡಿ, ಅದನ್ನು ನಂಬುವ ಹಾಗಿಲ್ಲ. ಟ್ಯೂಬಿನ ತುದಿಯನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುವುದೂ ಬೇಡ. ಉಸಿರಾಟದ ತೊಂದರೆ ಇದ್ದರೆ ಉತ್ತರ ಬರೆಯುತ್ತಾ ಕೂರದೆ 108ಕ್ಕೆ ಫೋನ್ ಮಾಡಿ. ಇಲ್ಲದಿದ್ದರೂ ಈಗಲೇ ಹೊರಡಿ. ಎಕ್ಸ್‌ರೇ ಬೇಕು. ಮೂರ್ನಾಡಿನಿಂದ ಮಡಿಕೇರಿ ದೂರವೇನಲ್ಲ. ದಾರಿಯಲ್ಲಿ ತಲೆಯ ಕಡೆ ಎತ್ತರ ಮಾಡಿ ಮಲಗಿಸಿ.

ಬೆಂಗಳೂರಲ್ಲಿರೋ ಕೊಡಗಿನವ: ಹೋಮ್ ನರ್ಸ್ ಅಂತ ಯಾರನ್ನು ಬೇಕಾದರೂ ಇಟ್ಟುಕೊಂಡರೆ ಹೀಗೇ. ತಳ್ಳಿದವರ ಮೇಲೆ ಕೇಸ್ ಹಾಕಬೇಕು.

ನಾಪೋಕ್ಲು ಜೀಪ್: ಅಣ್ಣ, ನೀವು ಬೆಂಗಳೂರಲ್ಲಿ ಕೂತು ಹೇಳುತ್ತೀರಿ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯಲ್ಲಿ ಉಳಿದುಕೊಳ್ಳುವವರೇ ಸಿಗುವುದಿಲ್ಲ. ಆ ಹುಡುಗಿಗೆ ಯಾರಾದರೂ ಕಲಿಸಿದ್ದಾರಾ?

ಬೆಂಗಳೂರಲ್ಲಿರೋ ಕೊಡಗಿನವ: ಕಲಿಯದವರು ಆ ಕೆಲಸಕ್ಕೆ ಬರಬಾರದು.

ನಾಪೋಕ್ಲು ಜೀಪ್: ಹಾಗಾದರೆ ನೀವೇ ಬನ್ನಿ. ನಿಮ್ಮ ಅಪ್ಪನನ್ನು ನೋಡಿಕೊಳ್ಳುತ್ತಿರುವವರು ಎಲ್ಲಿ ಕಲಿತರು?

ಅಡ್ಮಿನ್: ಇಬ್ಬರೂ ಸಾಕು.

ಸಿಸ್ಟರ್: ಟ್ಯೂಬ್ ಹೊರಗೆ ಬಂದರೆ ತಳ್ಳಬೇಡಿ ಎಂದು ಡಿಸ್ಚಾರ್ಜ್ ದಿನವೇ ಮನೆಯವರಿಗೂ ಹೋಮ್ ನರ್ಸ್‌ಗೂ ಹೇಳಬೇಕು. ಹೇಳಿರುವುದಿಲ್ಲ. ಮುಂದಿನ ಪ್ರಶ್ನೆ.

ಭಾಗಮಂಡಲ ಮೊಮ್ಮಗ: ಮಳೆಯಲ್ಲಿ ಯಾವ ಪ್ಲಾಸ್ಟರೂ ನಿಲ್ಲುತ್ತಿಲ್ಲ. ಬಟ್ಟೆ, ಹಾಸಿಗೆ ಎಲ್ಲ ತೇವ. ಪೌಡರ್ ಹಾಕಿ ಅಂಟಿಸಬಹುದಾ?

ಸಿಸ್ಟರ್: ಪೌಡರ್ ಹಾಕಿದರೆ ಅಂಟು ಪೌಡರಿಗೆ ಹಿಡಿಯುತ್ತದೆ, ಚರ್ಮಕ್ಕಲ್ಲ. ಚರ್ಮ ತೊಳೆದು ಒಣ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಬೆಂಕಿಗೆ ಹಿಡಿದು ಒಣಗಿಸಬೇಡಿ, ಸ್ಪರ್ಶ ಕಡಿಮೆ ಇರುವವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಪ್ಲಾಸ್ಟರ್ ರೋಲನ್ನು ಮುಚ್ಚಳ ಇರುವ ಡಬ್ಬಿಯಲ್ಲಿ ಇಡಿ. ಅಂಟಿಸಿದ ಮೇಲೆ ಅಂಗೈಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಮೈ ಬಿಸಿಗೆ ಅಂಟು ಹಿಡಿಯುತ್ತದೆ. ಮೂಲೆಗಳನ್ನು ಗುಂಡಗೆ ಕತ್ತರಿಸಿದರೆ ಬೇಗ ಏಳುವುದಿಲ್ಲ. ಮೈಕ್ರೊಪೋರ್, ಅಂದರೆ ಪೇಪರ್ ಪ್ಲಾಸ್ಟರ್, ಚರ್ಮಕ್ಕೆ ಮೃದು, ಆದರೆ ತೇವಕ್ಕೆ ಬೇಗ ಬಿಡುತ್ತದೆ. ಭಾರದ ಪೈಪಿಗೆ ಅದೊಂದೇ ಸಾಲದು.

ನಾಪೋಕ್ಲು ಜೀಪ್: ಅಜ್ಜನನ್ನು ಮೈಸೂರಿಗೆ ಕರೆದುಕೊಂಡು ಹೋಗಬೇಕು. ಯೂರಿನ್ ಬ್ಯಾಗನ್ನು ಜೀಪಲ್ಲಿ ಮಡಿಲಲ್ಲಿ ಇಟ್ಟುಕೊಳ್ಳಬಹುದಾ?

ಸಿಸ್ಟರ್: ಬೇಡ. ಮೂತ್ರ ವಾಪಸ್ ಒಳಗೆ ಹರಿಯುತ್ತದೆ. ಸೊಂಟಕ್ಕಿಂತ ಕೆಳಗೆ ತೂಗುಹಾಕಿ, ನೆಲಕ್ಕೆ ತಾಗದಿರಲಿ. ಹೊರಡುವ ಮೊದಲು ಖಾಲಿ ಮಾಡಿ. 120 ಕಿಲೋಮೀಟರ್ ದಾರಿ, ನಡುವೆ ಒಮ್ಮೆ ನಿಲ್ಲಿಸಿ ನೋಡಿ. ತೊಡೆಯ ಹತ್ತಿರ ಸಡಿಲ ಬಿಟ್ಟಿದ್ದೀರಾ ನೋಡಿಕೊಳ್ಳಿ. ಗುಂಡಿಗೆ ಜೀಪ್ ಎಗರಿದಾಗ ಪೈಪ್ ಪ್ಲಾಸ್ಟರನ್ನು ಎಳೆಯಲಿ, ಅಜ್ಜನನ್ನಲ್ಲ.

ವಿರಾಜಪೇಟೆ ಅಕ್ಕ: ತೊಡೆಗೆ ಯಾವ ಪ್ಲಾಸ್ಟರ್ ಒಳ್ಳೇದು ಸಿಸ್ಟರ್?

ಸಿಸ್ಟರ್: ಮೇಲೆ ಬರೆದಿದ್ದೇನೆ.

ಸುಂಟಿಕೊಪ್ಪ ತಮ್ಮ: ಅಣ್ಣನಿಗೆ ಕುತ್ತಿಗೆಯಲ್ಲಿ ಟ್ರಕಿಯಾಸ್ಟಮಿ, ಉಸಿರಾಡಲು ರಂಧ್ರ ಮಾಡಿ ಟ್ಯೂಬ್ ಹಾಕಿದ್ದಾರೆ. ಅದನ್ನು ಕಟ್ಟಿದ ದಾರ ಒದ್ದೆಯಾಗಿದೆ. ನಾನೊಬ್ಬನೇ ಬದಲಿಸಬಹುದಾ?

ಸಿಸ್ಟರ್: ಇಲ್ಲ. ಇಬ್ಬರು ಬೇಕು, ಒಬ್ಬರು ಟ್ಯೂಬ್ ಬಿಡದೆ ಹಿಡಿದಿರಬೇಕು. ಕಟ್ಟಿದ ಮೇಲೆ ದಾರದ ಅಡಿಯಲ್ಲಿ ಒಂದು ಬೆರಳು ಹೋಗುವಷ್ಟು ಸಡಿಲ. ಇದನ್ನು ಓದಿ ಕಲಿಯುವುದಲ್ಲ. ಆಸ್ಪತ್ರೆಯಲ್ಲಿ ಎದುರಿಗೇ ಮಾಡಿಸಿಕೊಂಡು ಕಲಿಯಿರಿ.

ಗೋಣಿಕೊಪ್ಪ ಹುಡುಗ: ಬೆಲ್ಟ್ ಬಗ್ಗೆ ಕೇಳಿದ್ದೆ.

ಮೂರ್ನಾಡು ಮಗಳು: ಸಿಸ್ಟರ್, ಎಕ್ಸ್‌ರೇ ಆಯಿತು. ಟ್ಯೂಬ್ ಅನ್ನನಾಳದಲ್ಲೇ ಮಡಚಿಕೊಂಡಿತ್ತು, ಹೊಟ್ಟೆ ತಲುಪಿರಲಿಲ್ಲ. ಅದನ್ನು ತೆಗೆದು ಇನ್ನೊಂದು ಹೊಳ್ಳೆಯಲ್ಲಿ ಹೊಸದು ಹಾಕಿದರು. ಎದೆ ಸದ್ಯಕ್ಕೆ ಸರಿ ಇದೆ, ಎರಡು ದಿನ ಇಟ್ಟುಕೊಳ್ಳುತ್ತಾರಂತೆ. ಮನೆಗೆ ಹೋದಮೇಲೆ ಹೇಗೆ ಅಂಟಿಸಲಿ? ಮತ್ತೆ ಕಪ್ಪಾಗಬಾರದು.

ಸಿಸ್ಟರ್: ಒಳ್ಳೆಯದಾಯಿತು. ಈಗ ಮೂಗಿನ ವಿಷಯ.

ಕಪ್ಪಾದದ್ದು ಒತ್ತಡದಿಂದ. ಬೆನ್ನಲ್ಲಿ ಹಾಸಿಗೆ ಹುಣ್ಣು ಆಗುವ ಹಾಗೆಯೇ ಇದು. ಟ್ಯೂಬನ್ನು ಹಣೆಯ ಕಡೆ ಎತ್ತಿ ಕಟ್ಟಿದರೆ ಅದು ಹೊಳ್ಳೆಯ ಅಂಚನ್ನು ಹಗಲು ರಾತ್ರಿ ಒತ್ತುತ್ತದೆ. ಅಲ್ಲಿ ಮಾಂಸವಿಲ್ಲ, ಚರ್ಮ ಮತ್ತು ಮೃದ್ವಸ್ಥಿ ಅಷ್ಟೇ. ಟ್ಯೂಬ್ ಹೊಳ್ಳೆಯ ನಡುವಿನಿಂದ ನೇರ ಕೆಳಗೆ ಇಳಿಯಬೇಕು, ಯಾವ ಅಂಚಿಗೂ ತಾಗಬಾರದು.

ಮೂಗಿನ ಮೇಲೆ ಎಣ್ಣೆಯಂಶ ಜಾಸ್ತಿ. ಸೋಪು ನೀರಲ್ಲಿ ಒರೆಸಿ ಒಣಗಿಸಿ. ಒಂದು ಇಂಚು ಅಗಲದ ಪ್ಲಾಸ್ಟರ್, ನಿಮ್ಮ ಬೆರಳಷ್ಟು ಉದ್ದ ಕತ್ತರಿಸಿ. ಅರ್ಧದ ತನಕ ಉದ್ದಕ್ಕೆ ಸೀಳಿ, ಚಡ್ಡಿಯ ಕಾಲುಗಳ ಹಾಗೆ. ಸೀಳದ ಭಾಗ ಮೂಗಿನ ಮೇಲೆ. ಒಂದು ಕಾಲನ್ನು ಟ್ಯೂಬಿಗೆ ಸುತ್ತುತ್ತಾ ಕೆಳಗೆ ಇಳಿಸಿ, ಇನ್ನೊಂದನ್ನು ಎದುರು ದಿಕ್ಕಿನಲ್ಲಿ ಸುತ್ತಿ. ತುದಿಯನ್ನು ಚೂರು ಮಡಚಿ ಬಿಡಿ, ತೆಗೆಯುವಾಗ ಹಿಡಿಯಲು ಸಿಗುತ್ತದೆ. ಆಮೇಲೆ ಟ್ಯೂಬಿಗೆ ಸ್ವಲ್ಪ ಬಾಗು ಬಿಟ್ಟು ಕೆನ್ನೆಯ ಮೇಲೆ ಎರಡನೇ ಪ್ಲಾಸ್ಟರ್. ಮೂಗು ಟ್ಯೂಬನ್ನು ಅದರ ಜಾಗದಲ್ಲಿ ಇಡುತ್ತದೆ, ಎಳೆತವನ್ನು ಕೆನ್ನೆ ತಾಳುತ್ತದೆ. ಈ ಎರಡನೇ ಹಿಡಿತವನ್ನೇ ಎಲ್ಲರೂ ಬಿಡುತ್ತಾರೆ. ಕೆನ್ನೆಯ ಚರ್ಮ ತೆಳುವಾಗಿದ್ದರೆ ಕೆಳಗೆ ಹೈಡ್ರೋಕೊಲಾಯ್ಡ್ (ಚರ್ಮ ಕಾಯುವ ಮೆತ್ತನೆಯ ಡ್ರೆಸ್ಸಿಂಗ್) ತುಂಡು ಅಂಟಿಸಿ, ಅದು ಕೆಲವು ದಿನ ಇರಲಿ. ದಿನವೂ ಬದಲಿಸುವ ಪ್ಲಾಸ್ಟರ್ ಅದರ ಮೇಲೆ ಬರಲಿ, ಚರ್ಮಕ್ಕೆ ಬೇಡ.

ಮೂಗಿನ ಪ್ಲಾಸ್ಟರ್ ದಿನಕ್ಕೊಮ್ಮೆ ಬದಲಿಸಿ. ಆಗ ಟ್ಯೂಬನ್ನು ಇನ್ನೊಬ್ಬರು ಬಿಡದೆ ಹಿಡಿದಿರಲಿ. ಹೊಳ್ಳೆಯ ಒಳಗೆ ಟಾರ್ಚ್ ಹಾಕಿ ನೋಡಿ. ಮೂಗಿನ ಅಂಚಿಗೆ ಸರಿಯಾಗಿ ಟ್ಯೂಬಿನ ಮೇಲೆ ಮಾರ್ಕರ್ ಗೆರೆ. ಪ್ರತಿ ಸಲ ಗಂಜಿ ಕೊಡುವ ಮೊದಲು ಗೆರೆ ನೋಡಬೇಕು. ಸರಿದಿದ್ದರೆ ಗಂಜಿ ಇಲ್ಲ. ಕೊಡುವಾಗ ತಲೆ ಕಡೆ 30ರಿಂದ 45 ಡಿಗ್ರಿ ಎತ್ತರ, ಕೊಟ್ಟ ಮೇಲೂ ಕಡಿಮೆ ಎಂದರೆ ಅರ್ಧ ಗಂಟೆ ಹಾಗೇ. ಕಪ್ಪಾದ ಜಾಗವನ್ನು ಡಾಕ್ಟರು ಅಲ್ಲೇ ನೋಡಲಿ, ಕೆರೆಯಬೇಡಿ.

ಕಾಳುಮೆಣಸು ಮಾವ: ಆ ಕಪ್ಪಿಗೆ ನಮ್ಮ ಕೊಡಗಿನ ಜೇನು ಹಚ್ಚಿದರೆ ಮೂರೇ ದಿನ. ಜೊತೆಗೆ ಅರಿಶಿನ. ಹಿಂದಿನವರು ಆಸ್ಪತ್ರೆಗೆ ಹೋಗುತ್ತಿದ್ದರಾ?

ಸಿಸ್ಟರ್: ಹಿಂದಿನವರಿಗೆ ಮೂಗಲ್ಲಿ ಟ್ಯೂಬ್ ಇರಲಿಲ್ಲ. ಜೇನು ಹಚ್ಚಿದರೆ ಪ್ಲಾಸ್ಟರ್ ಜಾರುತ್ತದೆ, ಟ್ಯೂಬ್ ಸರಿಯುತ್ತದೆ. ಕೈ ಎತ್ತಲಾಗದವರ ಮೂಗಿಗೆ ಇರುವೆ ಬರುತ್ತದೆ. ದಯವಿಟ್ಟು ನಿಲ್ಲಿಸಿ.

ಕಾಳುಮೆಣಸು ಮಾವ: ಆಸ್ಪತ್ರೆಯಲ್ಲೂ ಗಾಯಕ್ಕೆ ಜೇನು ಹಾಕುತ್ತಾರೆ. ಓದಿದ್ದೇನೆ.

ಸಿಸ್ಟರ್: ಅದು ಗಾಯಕ್ಕೆಂದೇ ಶುದ್ಧೀಕರಿಸಿದ್ದು. ನಿಮ್ಮ ಬಾಟಲಿಯದ್ದಲ್ಲ.

ಕುಶಾಲನಗರ ಟೀಚರ್: ಅವ್ವ ಮತ್ತೆ ಎಳೆಯದ ಹಾಗೆ ಕೈ ಕಟ್ಟಿದರೆ ಆಗುತ್ತಲ್ವಾ? ನಾವು ಅತ್ತೆಗೆ ದುಪಟ್ಟಾದಲ್ಲಿ ಮಂಚಕ್ಕೆ ಕಟ್ಟುತ್ತೇವೆ.

ವಿರಾಜಪೇಟೆ ಅಕ್ಕ: ಹೆತ್ತವರ ಕೈ ಮಂಚಕ್ಕೆ ಕಟ್ಟುವುದಾ? ನಾಯಿಗೂ ಹಾಗೆ ಮಾಡಲ್ಲ.

ಕುಶಾಲನಗರ ಟೀಚರ್: ರಾತ್ರಿ ಎಲ್ಲ ಎದ್ದು ಕೂತು ನೋಡಿದ್ದೀರಾ ನೀವು? ಬೆಳಗ್ಗೆ ಎಂಟೂವರೆಗೆ ನಾನು ಶಾಲೆಯಲ್ಲಿರಬೇಕು.

ವಿರಾಜಪೇಟೆ ಅಕ್ಕ: ನೋಡಿದ್ದೇನೆ. ಅದಕ್ಕೇ ಹೇಳಿದ್ದು.

ಬೆಂಗಳೂರಲ್ಲಿರೋ ಕೊಡಗಿನವ: ಐಸಿಯುನಲ್ಲೇ ಕಟ್ಟುತ್ತಾರೆ, ಮನೆಯಲ್ಲಿ ಕಟ್ಟಿದರೆ ತಪ್ಪಾ?

ವಿರಾಜಪೇಟೆ ಅಕ್ಕ: ನಿಮ್ಮನ್ನು ಯಾರು ಕೇಳಿದ್ದು?

ಸಿಸ್ಟರ್: ಟೀಚರ್, ನಿಮ್ಮ ಕಷ್ಟ ಸುಳ್ಳಲ್ಲ. ಆದರೆ ಮಂಚಕ್ಕೆ ಕಟ್ಟಬೇಡಿ. ಕಟ್ಟಿದಷ್ಟೂ ಒದ್ದಾಡುತ್ತಾರೆ, ಕೈ ಊದುತ್ತದೆ, ಮಣಿಕಟ್ಟು ಸುಲಿಯುತ್ತದೆ. ಯಾಕೆ ಎಳೆಯುತ್ತಾರೆ ಎಂದು ಮೊದಲು ನೋಡಿ. ಸಾಮಾನ್ಯವಾಗಿ ಎಲ್ಲೋ ಎಳೆಯುತ್ತಿರುತ್ತದೆ, ಒತ್ತುತ್ತಿರುತ್ತದೆ ಅಥವಾ ಪ್ಲಾಸ್ಟರ್ ಕೆಳಗೆ ತುರಿಸುತ್ತಿರುತ್ತದೆ. ಪೈಪನ್ನು ಬಟ್ಟೆಯ ಒಳಗೆ ಮರೆಮಾಡಿ. ಕೈಗೆ ಹಿಡಿಯಲು ಒಂದು ಟವೆಲ್ ಕೊಡಿ. ಮೂಗಿನ ಟ್ಯೂಬ್ ಇರುವವರಿಗೆ ಅದನ್ನು ಕೆನ್ನೆಯಿಂದ ಕಿವಿಯ ಹಿಂದಕ್ಕೆ ತಂದರೆ ಕಣ್ಣೆದುರು ಜೋತಾಡುವುದಿಲ್ಲ. ನಾಲ್ಕರಿಂದ ಆರು ವಾರಕ್ಕಿಂತ ಜಾಸ್ತಿ ಬೇಕಾಗುವುದಾದರೆ ಹೊಟ್ಟೆಗೆ ಹಾಕುವ ಪೆಗ್ ಟ್ಯೂಬ್ ಬಗ್ಗೆ ಡಾಕ್ಟರನ್ನು ಕೇಳಿ.

ಅಮ್ಮತ್ತಿ ಅಳಿಯ: ಪೆಗ್ ಟ್ಯೂಬ್ ಮನೆಯಲ್ಲಿ ಕಳಚಿ ಬಿದ್ದರೆ?

ಸಿಸ್ಟರ್: ಕೆಲವೇ ಗಂಟೆಗಳಲ್ಲಿ ರಂಧ್ರ ಮುಚ್ಚಿಕೊಳ್ಳಬಹುದು. ಶುದ್ಧ ಗಾಜ್ ಮುಚ್ಚಿ ತಕ್ಷಣ ಆಸ್ಪತ್ರೆಗೆ. ಬೆಳಗಾಗಲಿ ಎಂದು ಕಾಯಬೇಡಿ.

ಪೊನ್ನಂಪೇಟೆ ನಾದಿನಿ: ಸಿಸ್ಟರ್, ಪ್ಲಾಸ್ಟರ್ ತೆಗೆದಾಗ ಚರ್ಮ ಏಳುತ್ತದೆ. ಏನು ಮಾಡಲಿ?

ಸಿಸ್ಟರ್: ಮೊದಲ ಉತ್ತರ ಓದಿ.

ಪೊನ್ನಂಪೇಟೆ ನಾದಿನಿ: ಉದ್ದ ಇದೆ. ಚಿಕ್ಕದಾಗಿ ಹೇಳಿ.

ಸಿಸ್ಟರ್: ಅಲ್ಲಿ ಇರುವುದೆಲ್ಲ ಬೇಕಾದದ್ದೇ.

ಗೋಣಿಕೊಪ್ಪ ಹುಡುಗ: ಬೆಲ್ಟ್ ಯಾರಿಗಾದರೂ ಗೊತ್ತಾ?

ಕಾಳುಮೆಣಸು ಮಾವ: ಬೆಲ್ಟ್ ಯಾಕೆ? ಈ ವಿಡಿಯೋ ನೋಡಿ, ಫೆವಿಕ್ವಿಕ್ ಒಂದೇ ತೊಟ್ಟು.

ಅಡ್ಮಿನ್: ವಿಡಿಯೋ ತೆಗೆದಿದ್ದೇನೆ.

ಕಾಳುಮೆಣಸು ಮಾವ: ಯಾಕೆ? ಒಳ್ಳೆಯದಕ್ಕೇ ಹಾಕಿದ್ದು.

ಸಿಸ್ಟರ್: ಅದು ಅಂಟುವಾಗ ಬಿಸಿಯಾಗಿ ಚರ್ಮ ಸುಡಬಹುದು, ತೆಗೆಯುವಾಗ ಚರ್ಮದ ಸಮೇತ ಬರುತ್ತದೆ. ಯಾರಾದರೂ ಈಗಾಗಲೇ ಹಾಕಿದ್ದರೆ ಕೀಳಬೇಡಿ, ಹಾಗೆಯೇ ಆಸ್ಪತ್ರೆಗೆ ತನ್ನಿ. ನನಗೆ ಗಾಳಿಬೀಡಿನಲ್ಲಿ ಒಂದು ಡ್ರೆಸ್ಸಿಂಗ್ ಇದೆ, ಹೊರಟೆ.

ಚೆಟ್ಟಳ್ಳಿ ಮಗ: ಸಿಸ್ಟರ್, ಹೊರಡುವ ಮೊದಲು ಒಂದೇ ಪ್ರಶ್ನೆ. ಶುಗರ್ ಇರುವವರಿಗೆ ಯಾವ ಪ್ಲಾಸ್ಟರ್?

ವಿರಾಜಪೇಟೆ ಅಕ್ಕ: ಹೋದರು.