ತೋಟದ ಬೆಕ್ಕನ್ನು ಹಾಸನಕ್ಕೆ ಕರ್ಕೊಂಡು ಹೋಗೋದಾ, ಬಿಟ್ಟು ಹೋಗೋದಾ?

ಪ್ರಶ್ನೆ (ಸಕಲೇಶಪುರದಿಂದ)

ಡಾಕ್ಟ್ರೇ, ನಮಸ್ಕಾರ. ನಮ್ಮದು ಸಕಲೇಶಪುರದಿಂದ ಸ್ವಲ್ಪ ಒಳಗೆ ಕಾಫಿ ತೋಟದ ಮನೆ. ಎರಡು ವರ್ಷದಿಂದ ಒಂದು ಹೆಣ್ಣು ಬೆಕ್ಕು ಜಗಲಿಗೆ ಬರ್ತಾ ಇದೆ. ನಾವು ತಂದದ್ದಲ್ಲ, ತಾನಾಗಿ ಬಂದದ್ದು. ಬಿಳಿ, ಕಪ್ಪು, ಕೆಂಪು ಮೂರೂ ಬಣ್ಣ ಇದೆ. ಬೆಳಗ್ಗೆ ಹಾಲು ಕರೆಯೋ ಹೊತ್ತಿಗೆ, ಸಂಜೆ ದೀಪ ಹಚ್ಚೋ ಹೊತ್ತಿಗೆ ಹಾಜರ್. ತಟ್ಟೆಗೆ ಬಾಯಿ ಹಾಕಿರುವಾಗ ಮಾತ್ರ ತಲೆ ಸವರಿಸ್ಕೊಳ್ಳುತ್ತೆ, ಬೆನ್ನಿಗೆ ಕೈ ಹೋದರೆ ಎಗರಿ ಓಡುತ್ತೆ. ಹೊಸಿಲು ದಾಟಿ ಒಳಗೆ ಬಂದದ್ದೇ ಇಲ್ಲ. ಈಗ ಸೌದೆ ಕೊಟ್ಟಿಗೆಯಲ್ಲಿ ಮೂರು ಮರಿ ಹಾಕಿದೆ.

ಮಕ್ಕಳ ಸ್ಕೂಲಿಗೋಸ್ಕರ ಮೇ ಕೊನೆಗೆ ಹಾಸನದಲ್ಲಿ ಬಾಡಿಗೆ ಮನೆಗೆ ಹೋಗ್ತಿದ್ದೀವಿ. ತೋಟಕ್ಕೆ ಯಜಮಾನ್ರು ವಾರಕ್ಕೆ ಎರಡು ಸಲ ಬಂದು ಹೋಗ್ತಾರೆ. ಬೆಕ್ಕು ಬಿಟ್ಟು ನಾನು ಬರಲ್ಲ ಅಂತ ಮಗ ಹಟ ಹಿಡಿದಿದ್ದಾನೆ. ಅತ್ತೆ, "ಬೆಕ್ಕು ತಾನೆ, ಇಲಿ ಹಿಡ್ಕೊಂಡು ಬದುಕುತ್ತೆ ಬಿಡು" ಅಂತಾರೆ. ಯಜಮಾನ್ರು ಗೋಣಿಚೀಲಕ್ಕೆ ಹಾಕಿ ಕಾರಲ್ಲಿ ತಗೊಂಡು ಹೋಗೋಣ ಅಂತಾರೆ. ನನಗೆ ಯಾವುದೂ ಸರಿ ಅನ್ನಿಸ್ತಿಲ್ಲ. ಏನು ಮಾಡೋದು ಹೇಳಿ.

ಡಾಕ್ಟರ್

ನಮಸ್ಕಾರ ಅಮ್ಮ. ಉತ್ತರ ಹೇಳೋ ಮುಂಚೆ ಕೆಲವು ವಿಷಯ ಗೊತ್ತಾಗಬೇಕು. ಮರಿಗಳಿಗೆ ಎಷ್ಟು ದಿನ? ಕಣ್ಣು ಬಿಟ್ಟಿವೆಯಾ, ಓಡಾಡ್ತಿವೆಯಾ? ನೀವು ಹೋದ ಮೇಲೆ ತೋಟದಲ್ಲಿ ದಿನಾ ಇರೋರು ಯಾರು? ಕಾಫಿ ಗೋಡೌನಿಗೆ ಇಲಿ ಪಾಷಾಣ ಇಡ್ತೀರಾ? ಹಾಸನದ ಮನೆಗೆ ಕಾಂಪೌಂಡ್ ಇದೆಯಾ, ರೋಡಿಗೇ ಬಾಗಿಲಾ?

ಪ್ರಶ್ನೆ ಕೇಳಿದವರು

ಮರಿಗಳಿಗೆ ಒಂದು ತಿಂಗಳು ಆಗಿರಬಹುದು ಸಾರ್. ಸೌದೆ ಮೇಲಿಂದ ಇಳಿದು ಆಡ್ತಿವೆ, ನಮ್ಮನ್ನು ಕಂಡ್ರೆ ಒಳಗೆ ನುಗ್ತವೆ. ತೋಟದಲ್ಲಿ ರೈಟ್ರು (ತೋಟದ ಕೆಲಸ, ಲೆಕ್ಕ ನೋಡ್ಕೊಳ್ಳೋರು) ಮನೆಯವರು ಇರ್ತಾರೆ, ಹಸು ಅವರೇ ನೋಡ್ಕೊಳ್ಳೋದು. ಪಾಷಾಣ ಕೇಕು ಇಡ್ತೀವಿ. ಹಾಸನದ ಮನೆ ಮೊದಲನೇ ಮಹಡಿ, ಕೆಳಗೇ ಬಸ್ ಓಡಾಡೋ ರೋಡು.

ಡಾಕ್ಟರ್

ಹಾಗಾದರೆ ನನ್ನ ಮಾತು ಇಷ್ಟು: ತಾಯಿ ತೋಟದಲ್ಲೇ ಇರಲಿ, ಮರಿಗಳು ನಿಮ್ಮ ಜೊತೆ ಹಾಸನಕ್ಕೆ ಬರಲಿ. ಹೊರಡೋ ಮುಂಚೆ ತಾಯಿಗೆ ಆಪರೇಷನ್ ಆಗಲೇಬೇಕು.

ನೀವು ಹೇಳಿದ ಬೆಕ್ಕು ಪೂರಾ ಕಾಡೂ ಅಲ್ಲ, ಪೂರಾ ಮನೆಯದ್ದೂ ಅಲ್ಲ. ಎರಡು ವರ್ಷ ಊಟ ಹಾಕಿದ ಮೇಲೂ ಹೊಸಿಲು ದಾಟಿಲ್ಲ ಅಂದರೆ ಅದಕ್ಕೆ ಮನುಷ್ಯರ ಹತ್ತಿರ ಎಷ್ಟು ಬೇಕೋ ಅಷ್ಟು ಸಿಕ್ಕಿದೆ ಅಂತ ಅರ್ಥ. ಬೆಕ್ಕಿನ ಮರಿಗೆ ಮನುಷ್ಯರ ಸಹವಾಸ ಚೆನ್ನಾಗಿ ಹತ್ತೋದು ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದೊಳಗೆ. ಆ ಹೊತ್ತಲ್ಲಿ ಯಾರ ಕೈಗೂ ಸಿಗದೆ ಬೆಳೆದದ್ದು ಆಮೇಲೆ ಇಷ್ಟರ ಮಟ್ಟಿಗೆ ಪಳಗೋದೇ ದೊಡ್ಡದು. ಅದನ್ನು ತಂದು ಮಹಡಿ ಮನೆಯಲ್ಲಿ ಕೂಡಿಹಾಕಿದರೆ ಮಂಚದ ಕೆಳಗೆ ಸೇರಿಕೊಂಡು ಊಟ ಬಿಡುತ್ತೆ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದೆ ಇದ್ದರೆ ಲಿವರಿಗೆ ಕೊಬ್ಬು ತುಂಬಿಕೊಂಡು ಕಾಯಿಲೆ ಬೀಳುತ್ತೆ, ನಾಯಿ ಹಾಗೆ ಉಪವಾಸ ತಡೆಯಲ್ಲ. ಇಲ್ಲ, ಬಾಗಿಲು ತೆಗೆದ ತಕ್ಷಣ ಓಡುತ್ತೆ. ಕೆಳಗೆ ಬಸ್ಸು. ತೋಟ ಹುಡುಕ್ಕೊಂಡು ಹೊರಟರೂ ಸಕಲೇಶಪುರ ಸುಮಾರು 40 ಕಿಲೋಮೀಟರ್.

ಅತ್ತೆಯವರ ಮಾತಲ್ಲಿ ಅರ್ಧ ನಿಜ ಇದೆ. ಇಲಿ ಹಿಡಿಯುತ್ತೆ. ಆದರೆ ನೀವು ಇಡೋ ಪಾಷಾಣ ತಿಂದ ಇಲಿ ಕುಂಟುತ್ತಾ ಓಡಾಡೋದು, ಬೆಕ್ಕಿಗೆ ಮೊದಲು ಸಿಗೋದೂ ಅದೇ. ಅದನ್ನು ತಿಂದ ಬೆಕ್ಕಿಗೂ ವಿಷ ಏರಬಹುದು. ಕೇಕುಗಳು ಹೆಚ್ಚಾಗಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಔಷಧಿ, ಲಕ್ಷಣ ಕಾಣೋಕೆ ಮೂರ್ನಾಲ್ಕು ದಿನ ಬೇಕು. ಅಷ್ಟರಲ್ಲಿ ಬೆಕ್ಕು ಯಾವುದೋ ಕಾಫಿ ಗಿಡದ ಬುಡ ಸೇರಿರುತ್ತೆ. ಗೋಡೌನಿಗೆ ಬೋನು ಇಡಿ, ಕೇಕು ಬಿಡಿ.

ಈಗ ಮರಿಗಳ ವಿಚಾರ, ಇದು ಅರ್ಜೆಂಟು. ಒಂದು ತಿಂಗಳು ಅಂದರೆ ನಿಮಗೆ ಇನ್ನು ಮೂರು ವಾರ ಸಮಯ. ಇವತ್ತಿಂದಲೇ ದಿನಕ್ಕೆ ಮೂರು ನಾಲ್ಕು ಸಲ ಸೌದೆ ಕೊಟ್ಟಿಗೆಯಲ್ಲಿ ಸುಮ್ಮನೆ ಕೂತ್ಕೊಳ್ಳಿ. ಬೇಯಿಸಿದ ಕೋಳಿಯನ್ನು ನುಣ್ಣಗೆ ಮಾಡಿ ಬೆರಳ ತುದಿಯಲ್ಲಿ ಹಿಡಿಯಿರಿ. ಮೊದಲ ದಿನ ಬುಸ್ ಅನ್ನುತ್ವೆ, ಬೆನ್ನು ಕಮಾನು ಮಾಡಿ ಪಕ್ಕಕ್ಕೆ ಜಿಗಿಯುತ್ವೆ. ಅದು ಹೆದರಿಕೆ, ಸಿಟ್ಟಲ್ಲ. ನೆಕ್ಕೋಕೆ ಶುರುಮಾಡಿದ ಮೇಲೆ ಕೆನ್ನೆ ಸವರಿ, ಆಮೇಲೆ ಎತ್ತಿ ಮಡಿಲಲ್ಲಿ ಇಟ್ಕೊಳ್ಳಿ. ಹಟ ಹಿಡಿದಿರೋ ಮಗನಿಗೆ ಈ ಕೆಲಸ ವಹಿಸಿ, ಅವನಿಗೂ ಬೆಕ್ಕು ಸಿಕ್ಕ ಹಾಗಾಯ್ತು. ಹಾಲು ಬಿಡಿಸೋದು ಎಂಟು ವಾರ ತುಂಬಿದ ಮೇಲೆ, ಅದು ನೀವು ಮನೆ ಬದಲಾಯಿಸೋ ಹೊತ್ತಿಗೆ ಸರಿಹೋಗುತ್ತೆ. ಮೂರೂ ಬೇಡ ಅಂದರೆ ಎರಡಾದರೂ ಒಟ್ಟಿಗೆ ಇರಲಿ. ಒಂಟಿ ಮರಿ ರಾತ್ರಿ ಎಲ್ಲಾ ನಿಮ್ಮ ಕಾಲ ಬೆರಳು ಬೇಟೆ ಆಡುತ್ತೆ.

ಹಾಸನದ ಮನೆಯಲ್ಲಿ ಇತ್ತೀಚೆಗೆ ಯಾವುದಾದರೂ ಬೆಕ್ಕು ವಾಂತಿ ಭೇದಿಯಾಗಿ ಸತ್ತಿತ್ತಾ ಅಂತ ಓನರನ್ನು ಕೇಳಿ. ಆ ಥರದ ಕಾಯಿಲೆ ತರೋ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ ನೆಲದ ಸಂದಿಯಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಎಂಟು ವಾರಕ್ಕೆ ಮರಿಗಳಿಗೆ ಅದರ ಮೊದಲ ಲಸಿಕೆ, ಮೂರ್ನಾಲ್ಕು ವಾರ ಬಿಟ್ಟು ಮತ್ತೆ. ಮೂರು ತಿಂಗಳಿಗೆ ರೇಬಿಸ್. ನಾಲ್ಕು ತಿಂಗಳಾದ ಮೇಲೆ ಆಪರೇಷನ್ ಮಾಡಿಸಬಹುದು.

ತಾಯಿಯ ಆಪರೇಷನ್ ಯಾಕೆ ಅಷ್ಟು ಒತ್ತಿ ಹೇಳ್ತೀನಿ ಅಂದರೆ, ಬೆಕ್ಕಿನ ಗರ್ಭ ಬರೀ ಒಂಬತ್ತು ವಾರ, ಮರಿಗೆ ಹಾಲು ಕೊಡ್ತಿರುವಾಗಲೇ ಮತ್ತೆ ಗಬ್ಬ ಆಗಬಹುದು. ನೀವು ಹೋದ ಮೇಲೆ ಮಳೆಗಾಲದಲ್ಲಿ ಅದು ಮತ್ತೆ ಮರಿ ಹಾಕಿದರೆ, ಆ ಮರಿಗಳನ್ನು ಏಳು ವಾರದೊಳಗೆ ಮುಟ್ಟೋರು ಇರಲ್ಲ. ರೈಟ್ರು ಮನೆಯವರು ಒಂದು ಬೆಕ್ಕಿಗೆ ಊಟ ಹಾಕ್ತಾರೆ, ಎಂಟಕ್ಕೆ ಹಾಕಲ್ಲ. ಮರಿಗಳನ್ನು ಎಲ್ಲೋ ಬಿಟ್ಟುಬರೋಕೆ ಗೋಣಿಚೀಲ ಹೊರಗೆ ಬರೋದು ಆಗ.

ಪ್ರಶ್ನೆ ಕೇಳಿದವರು

ಎಲ್ಲಾ ಸರಿ ಡಾಕ್ಟ್ರೇ, ಆದರೆ ಹಿಡಿಯೋದು ಹೇಗೆ? ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅನ್ನೋ ಹಾಗಾಯ್ತು.

ಡಾಕ್ಟರ್

ಕೈಯಲ್ಲಿ ಹಿಡಿಯೋ ಸಾಹಸ ಮಾಡಬೇಡಿ. ಬೆಕ್ಕು ಹೊಕ್ಕೋ ಅಷ್ಟು ದೊಡ್ಡ ಬೋನು ಅಥವಾ ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರ್ ಯಾರ ಹತ್ತಿರ ಆದರೂ ಎರವಲು ತನ್ನಿ. ಬಾಗಿಲನ್ನು ತಂತಿಯಲ್ಲಿ ತೆರೆದ ಹಾಗೇ ಬಿಗಿದು, ಈಗ ತಟ್ಟೆ ಇಡೋ ಜಾಗದಲ್ಲೇ ಇಡಿ. ಮೊದಲು ತಟ್ಟೆ ಬೋನಿನ ಹೊರಗೆ. ಆಮೇಲೆ ಬಾಗಿಲಲ್ಲಿ. ದಿನಾ ಒಂದು ಗೇಣು ಒಳಗೆ ಸರಿಸಿ. ಬಾಲ ಸಮೇತ ಒಳಗೆ ಹೋಗಿ ತಿಂದು ಬರೋದು ರೂಢಿಯಾಗೋ ತನಕ ಬಾಗಿಲು ಮುಟ್ಟಬೇಡಿ. ಅಡಿಯಲ್ಲಿ ಹಳೇ ಗೋಣಿ ಹಾಸಿ, ಕಾಲಿಗೆ ಜಾಲರಿ ಒತ್ತಿದರೆ ಹಿಂಜರಿಯುತ್ತೆ.

ಆಸ್ಪತ್ರೆಗೆ ಹೋಗೋ ಹಿಂದಿನ ಸಂಜೆ ಊಟ ತಪ್ಪಿಸಿ. ಬೆಳಗ್ಗೆ ಹಸಿವಲ್ಲಿ ಬರುತ್ತೆ, ವಾಸನೆಗೆ ಒಂದು ಚೂರು ಭೂತಾಯಿ ಮೀನು ಸಾಕು. ಬಾಗಿಲು ಬಿದ್ದ ಕೂಡಲೇ ಇಡೀ ಬೋನಿಗೆ ಬೆಡ್‌ಶೀಟ್ ಮುಚ್ಚಿ. ಕತ್ತಲಾದರೆ ಸುಮ್ಮನಾಗುತ್ತೆ. ಗೋಣಿಚೀಲ ಮಾತ್ರ ಬೇಡ ಅಂತ ಯಜಮಾನ್ರಿಗೆ ಹೇಳಿ. ಅದರಲ್ಲಿ ಉಸಿರು ಕಟ್ಟುತ್ತೆ, ಹೊಲಿಗೆ ಹರಿದುಕೊಂಡು ಕಾರೊಳಗೆ ಬಂತು ಅಂದರೆ ಹಾಸನದ ರೋಡಲ್ಲಿ ಸ್ಟಿಯರಿಂಗ್ ಯಾರ ಕೈಯಲ್ಲಿರುತ್ತೋ ಗೊತ್ತಿಲ್ಲ.

ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ದಿನ ಗೊತ್ತು ಮಾಡ್ಕೊಳ್ಳಿ. ಮೂರು ಮಾತು ಮರೆಯದೆ ಹೇಳಿ: ಕೈಗೆ ಸಿಗದ ಬೆಕ್ಕು, ಆದ್ದರಿಂದ ಒಳಗೇ ಕರಗೋ ಹೊಲಿಗೆ ಬೇಕು, ಅರಿವಳಿಕೆ ಕೊಟ್ಟಿರುವಾಗಲೇ ರೇಬಿಸ್ ಲಸಿಕೆ ಹಾಕಿಬಿಡಿ, ಎಡಗಿವಿಯ ತುದಿ ಸ್ವಲ್ಪ ಕತ್ತರಿಸಿ. ಕಿವಿ ನೋಡಿದರೆ ಆಪರೇಷನ್ ಆಗಿದೆ ಅಂತ ದೂರದಿಂದಲೇ ಗೊತ್ತಾಗುತ್ತೆ, ಇನ್ನೊಬ್ಬರು ಹಿಡಿದು ಮತ್ತೆ ಹೊಟ್ಟೆ ಕೊಯ್ಯಲ್ಲ. ತೋಟಕ್ಕೆ ತಂದ ಮೇಲೆ ಎರಡು ಮೂರು ದಿನ ಖಾಲಿ ರೂಮಲ್ಲಿ ಇಟ್ಟು, ಊಟ ಮಾಡ್ತಿದೆ ಅಂತ ನೋಡ್ಕೊಂಡು ಬಿಡಿ.

ಮೂಡಿಗೆರೆಯ ಸದಸ್ಯರೊಬ್ಬರು

ಡಾಕ್ಟ್ರೇ, ನಾವು ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಮನೆ ಮಾಡಿದಾಗ ನಮ್ಮ ಬೆಕ್ಕನ್ನೂ ತಂದೆವು. ವಾರದಲ್ಲಿ ಹೊಂದ್ಕೊಂತು. ಇವರೂ ತರಬಹುದಲ್ಲ?

ಡಾಕ್ಟರ್

ನಿಮ್ಮ ಬೆಕ್ಕು ರಾತ್ರಿ ಎಲ್ಲಿ ಮಲಗ್ತಿತ್ತು ಸಾರ್?

ಮೂಡಿಗೆರೆಯ ಸದಸ್ಯರು

ನಮ್ಮ ಹಾಸಿಗೆ ಮೇಲೆ.

ಡಾಕ್ಟರ್

ಅಲ್ಲೇ ಇರೋದು ವ್ಯತ್ಯಾಸ. ನಿಮ್ಮದಕ್ಕೆ ಮನೆ ಬದಲಾದರೂ ಹಾಸಿಗೆ ಅದೇ, ಜನ ಅದೇ. ಈ ಅಮ್ಮನ ಬೆಕ್ಕಿಗೆ ಗೊತ್ತಿರೋದು ಜಗಲಿ, ಸೌದೆ ಕೊಟ್ಟಿಗೆ, ತೋಟ. ರೈಟ್ರು ಇಲ್ಲದೆ ತೋಟ ಪೂರಾ ಖಾಲಿಯಾಗ್ತಿದ್ದರೆ ನಾನೂ ತನ್ನಿ ಅಂತಲೇ ಹೇಳ್ತಿದ್ದೆ. ಆಗ ಒಂದೇ ರೂಮು, ಅಡಗೋಕೆ ರಟ್ಟಿನ ಡಬ್ಬ, ತೋಟದ್ದೇ ಮಣ್ಣು ತುಂಬಿದ ಟಬ್ಬು, ಮೂರ್ನಾಲ್ಕು ವಾರ ಬಾಗಿಲು ಭದ್ರ. ಅಷ್ಟು ಮಾಡಿದರೂ ಓಡಿಹೋಗೋ ಸಾಧ್ಯತೆ ಇದ್ದೇ ಇರುತ್ತೆ.

ಇನ್ನೊಬ್ಬರು ಸದಸ್ಯರು

ಇಷ್ಟೆಲ್ಲಾ ಯಾಕೆ, ಮೀನು ಮಾರ್ಕೆಟ್ ಹತ್ತಿರ ಬಿಟ್ಟರೆ ಹೊಟ್ಟೆ ತುಂಬ ತಿಂದ್ಕೊಂಡು ಇರುತ್ತೆ.

ಡಾಕ್ಟರ್

ಅಲ್ಲಿ ಆಗಲೇ ಇರೋ ಗಂಡು ಬೆಕ್ಕುಗಳು ಮೊದಲ ರಾತ್ರಿಯೇ ಅಟ್ಟಿಸಿಬಿಡ್ತವೆ. ಪ್ರಾಣಿ ಹಸಿದು ಬಾಯಾರಿ ನರಳೋ ಹಾಗೆ ಬಿಟ್ಟುಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಕೂಡ.

ಪ್ರಶ್ನೆ ಕೇಳಿದವರು

ಸಾರ್, ಒಂದು ಎಡವಟ್ಟಾಯ್ತು. ನಿಮ್ಮ ಉತ್ತರ ಓದಿ ಮಗ ಮರಿ ಎತ್ತೋಕೆ ಹೋಗಿ ತಾಯಿ ಹತ್ತಿರ ಪರಚಿಸ್ಕೊಂಡಿದ್ದಾನೆ. ಮುಂಗೈಯಲ್ಲಿ ರಕ್ತ ಬಂತು. ಅತ್ತೆ ಕಾಫಿ ಪುಡಿ ಒತ್ತಿದಾರೆ.

ಡಾಕ್ಟರ್

ಕಾಫಿ ಪುಡಿ ಈಗಲೇ ತೊಳೆಯಿರಿ. ಸೋಪು ಹಚ್ಚಿ, ಹರಿಯೋ ನೀರಿನ ಕೆಳಗೆ ಪೂರ್ತಿ 15 ನಿಮಿಷ. ಗಡಿಯಾರ ನೋಡಿ, ನಾವು ಅಂದಾಜಲ್ಲಿ ತೊಳೆಯೋದು ಎರಡು ನಿಮಿಷ ಆಗಿರುತ್ತೆ. ಸುಣ್ಣ, ಅರಿಶಿನ, ಬ್ಯಾಂಡೇಜು ಏನೂ ಬೇಡ. ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಸಿಕೆ ಹಾಕದ ಬೆಕ್ಕು ರಕ್ತ ಬರೋ ಹಾಗೆ ಪರಚಿದೆ ಅಂತ ಸ್ಪಷ್ಟವಾಗಿ ಹೇಳಿ. ರಕ್ತ ಬಂದಿರೋದರಿಂದ ರೇಬಿಸ್ ಲಸಿಕೆ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಅನ್ನೋ ಇಂಜೆಕ್ಷನ್ ಕೂಡ ಬೇಕಾಗುತ್ತೆ. ಚರ್ಮಕ್ಕೆ ಹಾಕೋ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ಟಿಟಿ ಬಗ್ಗೆಯೂ ಕೇಳಿ. ಬೆಕ್ಕನ್ನು ಹತ್ತು ದಿನ ಗಮನಿಸಬೇಕು, ಹಾಗಂತ ಲಸಿಕೆಗೆ ಹತ್ತು ದಿನ ಕಾಯೋ ಹಾಗಿಲ್ಲ. ಇನ್ಮೇಲೆ ತಾಯಿ ಊಟಕ್ಕೆ ಹೋದಾಗ ಮಾತ್ರ ಮರಿಗಳ ಹತ್ತಿರ ಹೋಗಲಿ.

ಪ್ರಶ್ನೆ ಕೇಳಿದವರು

ಹೋಗಿ ಬಂದೆವು ಸಾರ್, ಮೊದಲ ಡೋಸ್ ಆಯ್ತು. ಥ್ಯಾಂಕ್ಸ್.

ಕೊಪ್ಪದ ಸದಸ್ಯರೊಬ್ಬರು

ನಮ್ಮ ತೋಟದಲ್ಲಿ ಕಸಿ ಹೊಡೆಯುವಾಗ (ರೆಂಬೆ ಕತ್ತರಿಸುವಾಗ) ಆಳುಗಳಿಗೆ ಎರಡು ಮರಿ ಸಿಕ್ಕಿವೆ. ಮೈಯೆಲ್ಲಾ ಚುಕ್ಕಿ, ಭಾರೀ ಚಂದ. ಇವನ್ನೂ ಹೀಗೇ ಪಳಗಿಸಬಹುದಾ?

ಡಾಕ್ಟರ್

ಬೇಡ! ಊರ ಬೆಕ್ಕಿಗೆ ಹೆಚ್ಚಾಗಿ ಪಟ್ಟೆಯೋ ಮಚ್ಚೆಯೋ ಇರುತ್ತೆ, ಮೈತುಂಬ ಚಿರತೆ ಥರ ಬಿಡಿಬಿಡಿ ಚುಕ್ಕಿ ಇದ್ದರೆ ಅದು ಚಿರತೆ ಬೆಕ್ಕಿನ (ಕಾಡಲ್ಲಿರೋ ಸಣ್ಣ ಬೆಕ್ಕು, ಚಿರತೆಯಲ್ಲ) ಮರಿ ಇರಬಹುದು. 1972ರ ವನ್ಯಜೀವಿ ಕಾಯ್ದೆಯಡಿ ಮನೆಯಲ್ಲಿ ಇಟ್ಕೊಳ್ಳೋ ಹಾಗಿಲ್ಲ. ಸಿಕ್ಕ ಜಾಗದಲ್ಲೇ ವಾಪಸ್ ಇಟ್ಟು, ಆ ಕಡೆ ಕೆಲಸ ಒಂದು ದಿನ ನಿಲ್ಲಿಸಿ. ತಾಯಿ ಸಾಮಾನ್ಯವಾಗಿ ಕತ್ತಲಾದ ಮೇಲೆ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತೆ. ಬೆಳಗ್ಗೆಯೂ ಅಲ್ಲೇ ಇದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಹಾಲು ಕುಡಿಸಬೇಡಿ, ಫೋಟೋಕ್ಕೆ ಅಂತ ಕೈಯಿಂದ ಕೈಗೆ ಕೊಡಬೇಡಿ.

ಪ್ರಶ್ನೆ ಕೇಳಿದವರು

ರೈಟ್ರ ಹೆಂಡತಿ ಒಪ್ಪಿದಾರೆ ಡಾಕ್ಟ್ರೇ. ಅವರಿಗೆ ಏನೇನು ಹೇಳಿಕೊಡಲಿ? ಹಾಲನ್ನ ಹಾಕಿದರೆ ಸಾಕಲ್ವಾ?

ಡಾಕ್ಟರ್

ಹಾಲನ್ನದಲ್ಲಿ ಹೊಟ್ಟೆ ತುಂಬುತ್ತೆ, ಬೆಕ್ಕಿಗೆ ಬೇಕಾದಷ್ಟು ಟಾರಿನ್ ಅನ್ನೋ ಪೋಷಕಾಂಶ ಸಿಗಲ್ಲ. ಅದು ಹೆಚ್ಚಾಗಿ ಇರೋದು ಮಾಂಸ, ಮೀನಲ್ಲಿ, ಕೊರತೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತೆ. ದೊಡ್ಡ ಬೆಕ್ಕುಗಳಿಗೆ ಬಹಳಷ್ಟಕ್ಕೆ ಹಾಲು ಜೀರ್ಣವೂ ಆಗಲ್ಲ. ಒಣ ಕ್ಯಾಟ್ ಫುಡ್ ದಿನಕ್ಕೆ 50ರಿಂದ 60 ಗ್ರಾಂ ಸಾಕು. ಗಾಳಿಯಾಡದ ಡಬ್ಬಕ್ಕೆ ತುಂಬಿ, ಅಳತೆಗೆ ಒಂದು ಲೋಟ ಹಾಕಿಕೊಡಿ, ನಿಮ್ಮ ಯಜಮಾನ್ರು ಬಂದಾಗ ತುಂಬಿಸಲಿ. ಮನೆಯಲ್ಲಿ ಕೋಳಿ ಮಾಡಿದ ದಿನ ಗುಂಡಿಗೆ, ಈಲಿ (ಲಿವರ್) ಬೇಯಿಸಿ ಹಾಕಬಹುದು, ಈರುಳ್ಳಿ ಬೆಳ್ಳುಳ್ಳಿ ಮಸಾಲೆ ಸೇರೋ ಮುಂಚೆ ತೆಗೆದಿಡಬೇಕು. ಹೊತ್ತು ತಪ್ಪಿಸಬಾರದು, ಅರ್ಧ ಗಂಟೆ ಆದ ಮೇಲೆ ತಟ್ಟೆ ತೆಗೆದುಬಿಡಬೇಕು. ಇಲ್ಲದಿದ್ದರೆ ರಾತ್ರಿ ಬೇರೆ ಪ್ರಾಣಿ ಬರುತ್ತೆ, ಅದರ ಹಿಂದೆಯೇ ಚಿರತೆಯೂ ಬರಬಹುದು. ತಟ್ಟೆಯನ್ನು ನೀರು ತುಂಬಿದ ಅಗಲ ತಾಟಿನ ಮಧ್ಯೆ ಇಟ್ಟರೆ ಇರುವೆ ಹತ್ತಲ್ಲ. ಜೂನ್ ಮಳೆಗೆ ಮೊದಲು ಸೌದೆ ಕೊಟ್ಟಿಗೆಯ ಅಟ್ಟದಲ್ಲಿ ಒಣ ಭತ್ತದ ಹುಲ್ಲು ತುಂಬಿದ ಒಂದು ಡಬ್ಬ ಇಡಿ.

ಒಂದೆರಡು ವಿಷ ಅವರಿಗೆ ಗೊತ್ತಿರಲೇಬೇಕು. ಜ್ವರ ಬಂದ ಹಾಗಿದೆ ಅಂತ ಪ್ಯಾರಾಸಿಟಮಾಲ್ ಕೊಡಬಾರದು, ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯುತ್ತೆ. ಹಸುವಿಗೆ ಹಚ್ಚೋ ಉಣ್ಣಿ ಔಷಧಿಯಲ್ಲಿ ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್ ಇರುತ್ತೆ, ಅದನ್ನೇ ಬೆಕ್ಕಿಗೂ ಸವರಿದರೆ ನಡುಕ ಬಂದು ಬೀಳುತ್ತೆ. ಔಷಧಿ ಹಚ್ಚಿ ಮೈ ಒದ್ದೆಯಿರೋ ಹಸುವಿನ ಹತ್ತಿರವೂ ಅವತ್ತು ಬಿಡಬಾರದು.

ಎರವಲು ತಂದ ಬೋನನ್ನು ಬಳಸೋ ಮುಂಚೆ ಒಂದು ಸಲ, ವಾಪಸ್ ಕೊಡೋ ಮುಂಚೆ ಒಂದು ಸಲ ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆದು ಬಿಸಿಲಿಗಿಡಿ. ಫಿನಾಯಿಲ್ ಹಾಕಬೇಡಿ, ಬೆಕ್ಕಿಗೆ ಅದೂ ವಿಷ.