ಚಂದ್ರಯಾನ-3ಕ್ಕೆ 40 ದಿನ ಯಾಕೆ ಬೇಕಾಯ್ತು?

ರವಿ_ಹಾಸನ: ಅಪೊಲೊ 11 ಹೊರಟಿದ್ದು 1969ರ ಜುಲೈ 16ಕ್ಕೆ, ಇಳಿದಿದ್ದು 20ಕ್ಕೆ. ನಮ್ಮದು 2023ರ ಜುಲೈ 14ಕ್ಕೆ ಹೊರಟು ಆಗಸ್ಟ್ 23ಕ್ಕೆ ಇಳೀತು. ಭೂಮಿಯ ಗುರುತ್ವಾಕರ್ಷಣೆಯೇ ಸುತ್ತಿಸಿ ಸುತ್ತಿಸಿ ಕವಣೆ ಕಲ್ಲಿನ ಹಾಗೆ ಎಸೀತು, ಅದಕ್ಕೇ ಇಂಧನ ಉಳೀತು ಅಂತಾರೆ. ಸರೀನಾ?

ಮಲೆನಾಡ್_ಮಂಜು: ಕವಣೆ ಅಲ್ಲ ಸರ್. ಭೂಮಿಯನ್ನೇ ಸುತ್ತೋ ನೌಕೆಗೆ ಭೂಮಿಯಿಂದ ಪುಕ್ಕಟೆ ವೇಗ ಸಿಗಲ್ಲ. ಕೆಳಗೆ ಬರುವಾಗ ಕೊಟ್ಟಿದ್ದನ್ನ ಮೇಲೆ ಹೋಗುವಾಗ ಪೂರ್ತಿ ವಾಪಸ್ ಕಿತ್ಕೊಳ್ಳುತ್ತೆ. ಶಕ್ತಿ ಬಂದಿದ್ದು ಎಂಜಿನ್ನಿಂದಲೇ. ಮೊದಲ ಕಕ್ಷೆಯ ಹತ್ತಿರದ ತುದಿ ನೆಲದಿಂದ 170 ಕಿ.ಮೀ., ದೂರದ್ದು 36,500. ಹತ್ತಿರದ ತುದಿಯಲ್ಲಿ ವೇಗ ಸೆಕೆಂಡಿಗೆ 10 ಕಿ.ಮೀ. ದಾಟಿರುತ್ತೆ, ದೂರದಲ್ಲಿ ಒಂದೂವರೆ ಅಷ್ಟೇ. ವೇಗ ಜಾಸ್ತಿ ಇದ್ದಾಗ ಉರಿಸಿದರೆ ಅಷ್ಟೇ ಇಂಧನಕ್ಕೆ ಕಕ್ಷೆ ಹೆಚ್ಚು ಹಿಗ್ಗುತ್ತೆ.

ಶಿಲ್ಪಾ_ಎಸ್: ಹಾಗಿದ್ರೆ ಅಲ್ಲೇ ಒಂದೇ ಸಲ ಉರಿಸಬಹುದಿತ್ತಲ್ಲ?

ಮಲೆನಾಡ್_ಮಂಜು: ನೌಕೆಯ ಎಂಜಿನ್ ಬಲ 440 ನ್ಯೂಟನ್. ಭೂಮಿ ಮೇಲೆ 45 ಕೆ.ಜಿ. ಎತ್ತೋಕಾಗುವಷ್ಟು. ತಳ್ಳಬೇಕಿದ್ದದ್ದು ಸುಮಾರು 3,900 ಕೆ.ಜಿ. ಬೇಕಾದ ವೇಗ ಬರೋಕೆ ಹೆಚ್ಚುಕಮ್ಮಿ ಒಂದೂವರೆ ಗಂಟೆ ಬೇಕು. ಅಷ್ಟರಲ್ಲಿ ನೌಕೆ ಆ ತುದಿ ಬಿಟ್ಟು ಸಾವಿರಾರು ಕಿ.ಮೀ. ಮೇಲೆ ಹೋಗಿರುತ್ತೆ. ಅದಕ್ಕೇ ಆ ತುದಿಗೆ ವಾಪಸ್ ಬಂದಾಗ ಕಂತಿನಲ್ಲಿ ಸ್ವಲ್ಪ ಸ್ವಲ್ಪ ಉರಿಸಿದ್ದು.

ಕುಡ್ಲದ_ಪ್ರಶಾಂತ: ರಾಕೆಟ್ ಸಣ್ಣದು ಅಂತ ನೇರ ಹೇಳಿ ಮಾರಾಯ್ರೆ. ಅಪೊಲೊದ ರಾಕೆಟ್ ಸ್ಯಾಟರ್ನ್ 5 ಸುಮಾರು 2,900 ಟನ್, ನಮ್ಮ ಎಲ್‌ವಿಎಂ3 640. ಇದನ್ನು ಮಹಾ ಜಾಣತನ ಅಂತ ಹೊಗಳುವುದು ಎಂತಕ್ಕೆ?

ರವಿ_ಹಾಸನ: ಅದೇ ವರ್ಷ ನೇರ ಹೋದ ರಷ್ಯಾದ ಲೂನಾ-25 ಏನಾಯ್ತು? ಆಗಸ್ಟ್ 11ಕ್ಕೆ ಹೊರಟು 19ಕ್ಕೆ ಚಂದ್ರನಿಗೆ ಬಡೀತು.

ಕುಡ್ಲದ_ಪ್ರಶಾಂತ: ಅದಕ್ಕೂ ದಾರಿಗೂ ಸಂಬಂಧವೇ ಇಲ್ಲ. ಚಂದ್ರನ ಕಕ್ಷೆಗೆ ಸರಿಯಾಗಿಯೇ ಸೇರಿತ್ತು. ಆಮೇಲೆ ಕಕ್ಷೆ ತಗ್ಗಿಸುವಾಗ 84 ಸೆಕೆಂಡ್ ಉರಿಯಬೇಕಿದ್ದ ಎಂಜಿನ್ 127 ಸೆಕೆಂಡ್ ಉರಿಯಿತು. ವೇಗದ ಬದಲಾವಣೆ ಅಳೆಯುವ ಘಟಕ ಶುರುವೇ ಆಗಿರಲಿಲ್ಲ, ಸಾಕು ಅಂತ ಹೇಳುವವರೇ ಇರಲಿಲ್ಲ.

ಶಿಲ್ಪಾ_ಎಸ್: ಜಗಳ ಆಮೇಲೆ ಆಡಿ. ನೌಕೆ ಎಲ್ಲಿದೆ ಅಂತ ಗೊತ್ತಾಗೋದು ಹೇಗೆ? ನಕ್ಷತ್ರ ನೋಡಿನಾ?

ಮಲೆನಾಡ್_ಮಂಜು: ನಕ್ಷತ್ರ ನೋಡಿದ್ರೆ ಮುಖ ಯಾವ ಕಡೆ ಇದೆ ಅಂತ ಗೊತ್ತಾಗುತ್ತೆ, ಎಲ್ಲಿದೆ ಅಂತ ಅಲ್ಲ. ಚಂದ್ರನವರೆಗೆ ಹೋದ್ರೂ ನಕ್ಷತ್ರಗಳ ಜಾಗ ಬದಲಾದ ಹಾಗೆ ಕಾಣಲ್ಲ. ಜಾಗ ಹಿಡಿಯೋದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ 32 ಮೀಟರ್ ಆಂಟೆನಾದಂಥವು. ಕಳಿಸಿದ ಸಿಗ್ನಲ್ ವಾಪಸ್ ಬರೋಕೆ ಹಿಡಿಯೋ ಸಮಯದಿಂದ ದೂರ, ಅದರ ಆವರ್ತನ ಎಷ್ಟು ಸರಿದಿದೆ ಅನ್ನೋದರಿಂದ ವೇಗ. ಗಂಟೆಗಟ್ಟಲೆ ಹೀಗೆ ಅಳೆದು ಕಕ್ಷೆಯ ಲೆಕ್ಕ ಕೂಡಿಸ್ತಾರೆ.

ಶಿಲ್ಪಾ_ಎಸ್: ಚಂದ್ರನ ಹಿಂದೆ ಹೋದಾಗ?

ಮಲೆನಾಡ್_ಮಂಜು: ಸಿಗ್ನಲ್ಲೇ ಇಲ್ಲ. ಅಪೊಲೊ ನೌಕೆಗಳು ಚಂದ್ರನ ಕಕ್ಷೆ ಸೇರೋಕೆ ಎಂಜಿನ್ ಉರಿಸಿದ್ದೇ ಆ ಮರೆಯಲ್ಲಿ. ಎಂಜಿನ್ ಉರಿಯದೇ ಇದ್ದಿದ್ರೆ ನೌಕೆಯ ವೇಗ ಕಮ್ಮಿ ಆಗ್ತಿರಲಿಲ್ಲ, ಸಿಗ್ನಲ್ ಲೆಕ್ಕಕ್ಕಿಂತ ಮೊದಲೇ ಸಿಗ್ತಿತ್ತು. ಹೂಸ್ಟನ್‌ನ ನಿಯಂತ್ರಣ ಕೇಂದ್ರದಲ್ಲಿ ಗಡಿಯಾರ ನೋಡ್ತಾ ಕೂತಿದ್ದು ಅದಕ್ಕೇ.

ಕುಡ್ಲದ_ಪ್ರಶಾಂತ: ಇದು ಜಾಣತನ. ಒಪ್ಪಿದೆ.