'ದಿ ಡೆಡ್ ಡೋಂಟ್ ಡೈ' ಅರ್ಧಕ್ಕೆ ನಿಲ್ಲಿಸಿದೆ. ಪೂರ್ತಿ ನೋಡಬೇಕಾ?

ಸಂಪಿಗೆಮರ ಕೇಳಿದ್ದು:
ಜಿಮ್ ಜಾರ್ಮುಶ್ ಅವರ ಈ ಜೋಂಬಿ ಕಾಮಿಡಿ (2019) ನೋಡಲು ಕೂತೆ. ಬಿಲ್ ಮರ್ರೆ, ಆಡಮ್ ಡ್ರೈವರ್, ಟಿಲ್ಡಾ ಸ್ವಿಂಟನ್, ಸ್ಟೀವ್ ಬುಸೆಮಿ, ಡ್ಯಾನಿ ಗ್ಲೋವರ್. ಹೆಸರುಗಳನ್ನು ನೋಡಿಯೇ ಆಸೆ ಹುಟ್ಟಿತ್ತು. ಆದರೆ ಇದರಲ್ಲಿ ಯಾರೂ ಗಾಬರಿಯಾಗುವುದೇ ಇಲ್ಲ. ಎಲ್ಲರೂ ನಿದ್ದೆಗಣ್ಣಲ್ಲಿ ಮಾತಾಡುವ ಹಾಗೆ ಮಾತಾಡುತ್ತಾರೆ. ಇಷ್ಟು ಒಳ್ಳೆಯ ನಟರನ್ನು ಸುಮ್ನೆ ನಿಲ್ಲಿಸಿಬಿಟ್ಟಿದ್ದಾರೆ ಅನ್ನಿಸಿತು. ಇಷ್ಟಪಟ್ಟವರು ಯಾರಾದರೂ ಇದ್ದೀರಾ?

ರಾತ್ರಿಶೋ:
ಬಿದ್ದು ಬಿದ್ದು ನಗಬೇಕು ಅಂದರೆ 'ಶಾನ್ ಆಫ್ ದಿ ಡೆಡ್' (2004) ನೋಡಿ. ಅದರ ವೇಗವೇ ಬೇರೆ.

ಕಾಡುಮಲ್ಲಿಗೆ:
ನನಗೆ ತುಂಬಾ ಇಷ್ಟದ ಸಿನಿಮಾ ಇದು. ದಯವಿಟ್ಟು ಪೂರ್ತಿ ನೋಡಿ.

ಡೈನರ್ (ಊರಿನ ಸಣ್ಣ ಹೋಟೆಲ್) ದೃಶ್ಯ ನೋಡಿದ್ದೀರಿ ಅಲ್ವಾ? ಒಳಗೆ ಎರಡು ಹೆಣ. ನೋಡಲು ಬರುವವರು ಊರಿನ ಮೂವರು ಪೊಲೀಸರು. ಮೊದಲು ಮರ್ರೆ ಒಳಗೆ ಹೋಗಿ ನೋಡಿ ಬರುತ್ತಾರೆ. ಕಾಡುಪ್ರಾಣಿ ಇರಬಹುದಾ, ಹಲವು ಪ್ರಾಣಿಗಳಾ ಅಂತ ಕೇಳುತ್ತಾರೆ. ಆಮೇಲೆ ಆಡಮ್ ಡ್ರೈವರ್ ಬಂದು ನೋಡಿ ಅದನ್ನೇ ಕೇಳುತ್ತಾನೆ. ಆಮೇಲೆ ಕ್ಲೋಯಿ ಸೆವಿನ್ಯಿ. ಮೂವರೂ ಒಳಗೆ ಹೋಗುವುದನ್ನು ನಿರ್ದೇಶಕ ಬಿಡದೆ ತೋರಿಸುತ್ತಾರೆ. ಮೂರನೇ ಸಲ ನನಗೆ ನಗು ತಡೆಯಲಾಗಲಿಲ್ಲ.

ಈಗ ಸೆವಿನ್ಯಿಯನ್ನೇ ಗಮನಿಸಿ. ಈ ಸಿನಿಮಾದ ಜೀವ ಅವಳ ಪಾತ್ರ, ಮಿಂಡಿ. ಇಬ್ಬರು ಗಂಡಸರು ಹವಾಮಾನ ವರದಿ ಓದುವ ಹಾಗೆ ಮಾತಾಡುತ್ತಾ ಇರುವಾಗ ಅವಳಿಗೆ ನಿಜವಾಗಿ ಭಯ ಆಗುತ್ತದೆ. ಅವಳು ಅಳುತ್ತಾಳೆ. 'ಇದು ಕೆಟ್ಟದಾಗಿ ಮುಗಿಯುತ್ತೆ' ಅಂತ ಡ್ರೈವರ್ ಪದೇ ಪದೇ ಹೇಳುವುದು ನಮಗೆ ತಮಾಷೆ, ಅವಳಿಗೆ ಚಿತ್ರಹಿಂಸೆ. ಅವಳಿಲ್ಲದಿದ್ದರೆ ಆ ಇಬ್ಬರ ತಣ್ಣಗಿನ ನಟನೆ ಬರೀ ಒಣ ಆಗುತ್ತಿತ್ತು. ಕಾರಿನೊಳಗೆ ಕೂತ ಮೂವರ ಒಂದು ದೃಶ್ಯ ಮುಂದೆ ಬರುತ್ತದೆ. ಹೆಚ್ಚು ಹೇಳಲ್ಲ. ಅಲ್ಲಿ ನನಗೆ ನಗು ಪೂರ್ತಿ ನಿಂತುಹೋಯಿತು.

ಇನ್ನೊಂದು. ಈ ನಟರೆಲ್ಲ ಸುಮ್ನೆ ಹೆಸರಿಗಾಗಿ ಬಂದವರಲ್ಲ. ಬುಸೆಮಿ 1989ರ 'ಮಿಸ್ಟರಿ ಟ್ರೇನ್'ನಿಂದ ಜಾರ್ಮುಶ್ ಜೊತೆ ಇದ್ದಾರೆ. ಆಡಮ್ ಡ್ರೈವರ್ ಜಾರ್ಮುಶ್ ಅವರದೇ 'ಪ್ಯಾಟರ್ಸನ್'ನಲ್ಲಿ (2016) ಬಸ್ ಓಡಿಸಿದ್ದರು. ಡೈನರ್‌ನಲ್ಲಿ ಸಾಯುವ ಎಸ್ತರ್ ಬಾಲಿಂಟ್ ಅವರ 1984ರ ಸಿನಿಮಾ 'ಸ್ಟ್ರೇಂಜರ್ ದ್ಯಾನ್ ಪ್ಯಾರಡೈಸ್'ನ ಹುಡುಗಿ! ಅವರನ್ನು ಕೊಂದು ಕಾಫಿ ಜಗ್ ಎತ್ತಿ ಕುಡಿಯುವ ಜೋಂಬಿ ರಾಕ್ ಗಾಯಕ ಇಗ್ಗಿ ಪಾಪ್. ಜಾರ್ಮುಶ್ ಅವರ 2003ರ 'ಕಾಫಿ ಆ್ಯಂಡ್ ಸಿಗರೆಟ್ಸ್'ನಲ್ಲಿ ಇದೇ ಇಗ್ಗಿ, ಇನ್ನೊಬ್ಬ ಗಾಯಕ ಟಾಮ್ ವೇಟ್ಸ್ ಎದುರು ಕೂತು ಕಾಫಿ ಕುಡಿದಿದ್ದರು. ಇಲ್ಲಿ ವೇಟ್ಸ್ ಕಾಡಿನ ಸನ್ಯಾಸಿ ಬಾಬ್. ಹಳೆಯ ಒಡನಾಟ ಇರುವವರು ಒಂದೇ ಊರಿನ ಜನರ ಹಾಗೆ ಕಾಣುವುದು ಸಹಜ. ಕಥೆ ನಡೆಯುವ 738 ಜನರ ಸೆಂಟರ್‌ವಿಲ್ ನಿಜವಾದ ಊರು ಅಂತ ನಾನು ನಂಬಿದ್ದು ಇದರಿಂದಲೇ.

ಸತ್ತವರು ಬದುಕಿದ್ದಾಗಿನ ಆಸೆಗೆ ಮರಳುತ್ತಾರೆ: ಕಾಫಿ, ವೈನ್, ವೈಫೈ. ಇದು ಜೋಂಬಿ ಸಿನಿಮಾಗಳ ಹಿರಿಯ ನಿರ್ದೇಶಕ ಜಾರ್ಜ್ ರೊಮೆರೊಗೆ ಸಲ್ಲಿಸಿದ ಗೌರವ. ಅವರ 1978ರ 'ಡಾನ್ ಆಫ್ ದಿ ಡೆಡ್'ನಲ್ಲಿ ಜೋಂಬಿಗಳು ಹಳೇ ಅಭ್ಯಾಸದಿಂದ ಶಾಪಿಂಗ್ ಮಾಲ್‌ಗೆ ಬರುತ್ತಿದ್ದವು.

ಹಳೇಟಾಕೀಸು:
ಮಿಂಡಿ ಬಗ್ಗೆ ಹೇಳಿದ್ದು ಒಪ್ಪಿದೆ. ಆದರೆ ಸ್ವಿಂಟನ್ ಪಾತ್ರ ಕೊನೆಗೆ ಪಡೆಯುವ ತಿರುವು ನನಗೆ ಹಿಡಿಸಲಿಲ್ಲ. ಕತ್ತಿ ಹಿಡಿದ ಆ ಸ್ಕಾಟಿಷ್ ಹೆಂಗಸು ಅಷ್ಟು ಚೆನ್ನಾಗಿ ಬೆಳೆದಿದ್ದಳು. ಅವಳನ್ನು ಕಥೆಯಿಂದ ಎತ್ತಿಬಿಟ್ಟ ರೀತಿ ಅವಸರದ್ದು. ವೇಟ್ಸ್ ಕೊನೆಗೆ ಮಾಡುವ ಭಾಷಣವೂ ಜಾಸ್ತಿ ಆಯಿತು. ನಾವು ನೋಡಿದ್ದನ್ನೇ ಮತ್ತೆ ಹೇಳುತ್ತಾರೆ.

ಕಾಡುಮಲ್ಲಿಗೆ:
ಭಾಷಣದ ವಿಷಯದಲ್ಲಿ ನಿಮ್ಮ ಮಾತು ಸರಿ. ಸ್ವಿಂಟನ್ ತಿರುವು ಮಾತ್ರ ನನಗೆ ಇಷ್ಟ. ಅವಳು ಆ ಊರಿನವಳಲ್ಲ ಅಂತ ಮೊದಲ ದೃಶ್ಯದಿಂದಲೇ ಗೊತ್ತಾಗುತ್ತದೆ.

ಸಂಪಿಗೆಮರ:
ಎಲ್ಲರಿಗೂ ಥ್ಯಾಂಕ್ಸ್. ನಾನು ಮರ್ರೆ, ಡ್ರೈವರ್ ಇಬ್ಬರನ್ನೇ ನೋಡುತ್ತಿದ್ದೆ. ಶನಿವಾರ ಮತ್ತೆ ಮೊದಲಿನಿಂದ ಹಾಕುತ್ತೇನೆ.